ಸ್ಕೂಬಾ ಕಾರ್ಡ್ ಇದ್ದರೆ ಮುಂಬೈ ಹೈನಲ್ಲಿ ಕೆಲಸ ಸಿಗುತ್ತಾ?

ಪ್ರಶ್ನೆ, ವಾಸ್ಕೋದಿಂದ:
ಅಣ್ಣಾ, ನಮ್ಮೂರು ಅಂಕೋಲಾ. ಈಗ ಗೋವಾದಲ್ಲಿ ಟೂರಿಸ್ಟ್‌ಗಳನ್ನು ಗ್ರಾಂಡ್ ಐಲ್ಯಾಂಡ್‌ಗೆ ಸ್ಕೂಬಾ ಮಾಡಿಸಲು ಕರೆದುಕೊಂಡು ಹೋಗುತ್ತೇನೆ. ಡೈವ್‌ಮಾಸ್ಟರ್ ಕಾರ್ಡ್ ಇದೆ. ಮುಂಬೈ ಹೈ ಅಂತ ಸಮುದ್ರದಲ್ಲಿ ಎಣ್ಣೆ ತೆಗೆಯುವ ಜಾಗ ಇದೆಯಲ್ಲ, ಅಲ್ಲಿ ಡೈವರ್‌ಗಳಿಗೆ ಸಂಬಳ ಜಾಸ್ತಿ ಅಂತಾರೆ. ಈ ಕಾರ್ಡ್ ಸಾಕಾ?

ಉತ್ತರ, ಮುಂಬೈಯ ಡೈವಿಂಗ್ ಸೂಪರ್‌ವೈಸರ್:
ಸಾಲದು ತಮ್ಮಾ. ನೀರಿನ ಭಯ ಹೋಗಿದೆ, ಅಷ್ಟೇ ಲಾಭ. ನಮ್ಮಲ್ಲಿ ಗಾಳಿ ಮೇಲಿನಿಂದಲೇ ಪೈಪಿನಲ್ಲಿ ಬರುತ್ತದೆ. ಮಾತಾಡುವ ವೈರೂ ಅದರ ಜೊತೆಗೇ ಇರುತ್ತದೆ. ಈ ಪೈಪು, ವೈರುಗಳ ಕಟ್ಟನ್ನು ಅಂಬಿಲಿಕಲ್ ಅಂತಾರೆ. ಬೆನ್ನ ಮೇಲಿನ ಸಿಲಿಂಡರ್ ಆಪತ್ತಿಗೆ ಮಾತ್ರ. ಇದಕ್ಕೆ ಬೇರೆಯೇ ಕೋರ್ಸ್ ಬೇಕು, ಖರ್ಚು ಲಕ್ಷಗಳಲ್ಲಿ. ಆ ಸರ್ಟಿಫಿಕೇಟನ್ನು ಐಎಂಸಿಎ, ಅಂದರೆ ಸಮುದ್ರದ ಕೆಲಸ ಮಾಡುವ ಕಂಪನಿಗಳ ಅಂತರರಾಷ್ಟ್ರೀಯ ಸಂಘ, ಒಪ್ಪುತ್ತದೆಯೇ ಅಂತ ಸೇರುವ ಮೊದಲೇ ಕೇಳಿಕೋ.

ಇನ್ನೊಂದು ಮಾತು. ಮುಳುಗಲು ಬರುತ್ತದೆ ಅಂತ ಯಾರೂ ದುಡ್ಡು ಕೊಡುವುದಿಲ್ಲ. ಕೆಳಗೆ ಏನು ಮಾಡಿ ಬಂದೆ ಅನ್ನುವುದೇ ಲೆಕ್ಕ. ಬಂದರಿನ ಕೆಸರು ನೀರಿನಲ್ಲಿ ನಿನ್ನ ಕೈಯೇ ನಿನಗೆ ಕಾಣದು. ಗ್ಲೌಸ್ ಹಾಕಿದ ಬೆರಳಲ್ಲಿ ಬೋಲ್ಟ್ ತಡಕಬೇಕು. ಸಿಕ್ಕಿತು ಅಂತ ಸ್ಪ್ಯಾನರ್ ಹಾಕಿ ಎಳೆದರೆ ಬೋಲ್ಟ್ ಅಲ್ಲಾಡುವುದಿಲ್ಲ, ನೀನೇ ಸುತ್ತು ತಿರುಗುತ್ತೀಯ! ಮೊಣಕಾಲನ್ನು ಪೈಪಿಗೆ ಒತ್ತಿ, ಒಂದು ಕೈಯಲ್ಲಿ ಏನನ್ನಾದರೂ ಗಟ್ಟಿಯಾಗಿ ಹಿಡಿದು, ಆಮೇಲೆ ಜೋರು ಹಾಕಬೇಕು. ಅದಕ್ಕೇ ಐಟಿಐ ಫಿಟ್ಟರ್, ವೆಲ್ಡರ್ ಆದವರು ಈ ಕೆಲಸದಲ್ಲಿ ಬೇಗ ಮುಂದೆ ಬರುತ್ತಾರೆ.

ಪ್ರಶ್ನೆ, ಡೊಂಬಿವಲಿಯ ಅಕ್ಕ ಒಬ್ಬರಿಂದ:
ಸರ್, ನನ್ನ ತಮ್ಮನಿಗೂ ಇದೇ ಹುಚ್ಚು. ವಾರಗಟ್ಟಲೆ ಡಬ್ಬಿಯೊಳಗೆ ಕೂಡಿ ಹಾಕುತ್ತಾರಂತೆ, ನಿಜಾನಾ?

ಉತ್ತರ:
ನಿಜ ಅಕ್ಕಾ, ಅದು ಸ್ಯಾಚುರೇಶನ್ ಡೈವಿಂಗ್. ಬರೀ ಗಾಳಿ ಉಸಿರಾಡಿಕೊಂಡು ಕೆಲಸ ಮಾಡಲು 50 ಮೀಟರ್ ಮಿತಿ. ಮುಂಬೈ ಹೈನಲ್ಲಿ ನೀರು ಸುಮಾರು 75 ಮೀಟರ್ ಆಳ. ಹಾಗಾಗಿ ತಳದ ಕೆಲಸ ಇರುವವರೆಗೆ ಡೈವರ್‌ಗಳು ಹಡಗಿನ ಚೇಂಬರ್‌ನಲ್ಲಿ ಆ ಆಳದ ಒತ್ತಡದಲ್ಲೇ ಉಂಡು ಮಲಗುತ್ತಾರೆ. ಇಳಿಯುವುದು ಬೆಲ್‌ನಲ್ಲಿ, ಅಂದರೆ ಅದೇ ಒತ್ತಡ ಇರುವ ಒಂದು ಸಣ್ಣ ಗೂಡಿನಲ್ಲಿ. ಉಸಿರಿಗೆ ಹೀಲಿಯಂ, ಆಕ್ಸಿಜನ್ ಮಿಶ್ರಣ. ದನಿ ಬಾತುಕೋಳಿಯ ಹಾಗಾಗುತ್ತದೆ, ಮೇಲೆ ಮಷಿನ್‌ನಲ್ಲಿ ಸರಿಮಾಡಿ ಕೇಳುತ್ತೇವೆ. ಸಾಮಾನ್ಯವಾಗಿ 28 ದಿನಕ್ಕಿಂತ ಜಾಸ್ತಿ ಇಡುವುದಿಲ್ಲ. ಒತ್ತಡ ಇಳಿಸಲೇ ಕೊನೆಯಲ್ಲಿ ಮೂರು ದಿನದ ಮೇಲೆ ಬೇಕು. ಮನೆಯಲ್ಲಿ ಏನೇ ಆಗಲಿ, ನಡುವೆ ಬಾಗಿಲು ತೆರೆಯುವ ಹಾಗಿಲ್ಲ. ಇದನ್ನು ತಮ್ಮನಿಗೆ ಮೊದಲೇ ಹೇಳಿ.

ಹೊಸಬರಿಗೆ ಅದು ದೂರದ ಮಾತು ಬಿಡಿ. ಶುರುವಿನಲ್ಲಿ ಟೆಂಡರ್ ಕೆಲಸ. ಡೆಕ್ ಮೇಲೆ ನಿಂತು ಇನ್ನೊಬ್ಬರ ಅಂಬಿಲಿಕಲ್ ಹಿಡಿಯುವುದು, ಬಿಡುವುದು, ಎಳೆಯುವುದು. ಬೇಜಾರಿನ ಕೆಲಸ, ಆದರೆ ಕಲಿಯುವುದು ಅಲ್ಲೇ.

ಪ್ರಶ್ನೆ, ವಾಸ್ಕೋದಿಂದ:
ಹಾಗಾದರೆ ಮೊದಲು ಏನು ಮಾಡಲಿ ಅಣ್ಣಾ?

ಉತ್ತರ:
ಡೈವಿಂಗ್ ಮೆಡಿಕಲ್ ಮಾಡಿಸು. ಕಿವಿ, ಶ್ವಾಸಕೋಶ ಎಲ್ಲ ನೋಡುತ್ತಾರೆ. ಫೀಸು ಕಟ್ಟಿದ ಮೇಲೆ ಅನ್‌ಫಿಟ್ ಆದರೆ ಕಷ್ಟ ಅಲ್ವಾ? ಮಳೆಗಾಲದಲ್ಲಿ ನಿಮ್ಮ ಬೋಟು ಹೇಗೂ ದಡದಲ್ಲಿರುತ್ತದೆ, ಆಗ ವೆಲ್ಡಿಂಗ್ ಕಲಿ. ನಮ್ಮಲ್ಲೂ ಆ ತಿಂಗಳುಗಳಲ್ಲಿ ಕೆಲಸ ಕಡಿಮೆ, ದಿನಗೂಲಿ ಲೆಕ್ಕದವರು ಕೈಯಲ್ಲಿ ಒಂದಿಷ್ಟು ಉಳಿಸಿಕೊಂಡಿರಬೇಕು. ಕೋರ್ಸ್ ಮುಗಿದ ಮರುದಿನವೇ ಆಫ್‌ಶೋರ್ ಕೆಲಸ ಗ್ಯಾರಂಟಿ ಅನ್ನುವ ಏಜೆಂಟ್ ಸಿಕ್ಕಿದರೆ ಒಂದು ರೂಪಾಯಿಯನ್ನೂ ಕೊಡಬೇಡ.