ಪಕ್ಕದ ಮನೆ ಅಜ್ಜಿ ಕೊಟ್ಟ ಗಾಲಿವಾಗ್ ಗೊಂಬೆ ಇಟ್ಟುಕೊಳ್ಳಬೇಕಾ, ಬೇಡ್ವಾ?

ರೆಡಿಂಗ್_ರೊಟ್ಟಿ

ಎರಡು ದಿನದಿಂದ ಮನೆಯಲ್ಲಿ ಇದೇ ಮಾತು, ಬಗೆಹರಿಯುತ್ತಿಲ್ಲ. ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ನಾವು ಇಂಗ್ಲೆಂಡಿಗೆ ಬಂದು 6 ವರ್ಷ ಆಯಿತು. ಪಕ್ಕದ ಮನೆಯಲ್ಲಿ 80 ದಾಟಿದ ಅಜ್ಜಿಯೊಬ್ಬರಿದ್ದಾರೆ. ನನ್ನ ಬಾಣಂತನಕ್ಕೆ ಅಮ್ಮ ಬರಲು ಆಗದೇ ಇದ್ದಾಗ ದಿನಾ ಸೂಪ್ ಮಾಡಿ ಬಾಗಿಲಿಗೆ ತಂದುಕೊಟ್ಟವರು. ಈಗ ಮನೆ ಮಾರಿ ಕೇರ್ ಹೋಮ್‌ಗೆ ಹೋಗುತ್ತಿದ್ದಾರೆ. ಹೋಗುವ ಮುಂಚೆ ಅಟ್ಟದ ಮೇಲಿದ್ದ ಆಟದ ಸಾಮಾನಿನ ಪೆಟ್ಟಿಗೆಯನ್ನು ನನ್ನ 4 ವರ್ಷದ ಮಗಳಿಗೆ ಕೊಟ್ಟರು. ಮರದ ಇಟ್ಟಿಗೆಗಳು, ಒಂದು ಕಿವಿ ಇಲ್ಲದ ಮೊಲ, ಪುಟಾಣಿ ಟೀ ಸೆಟ್, ಎಲ್ಲದರ ಕೆಳಗೆ ಒಂದು ಬಟ್ಟೆ ಗೊಂಬೆ. ಕಾಡಿಗೆಯಂಥ ಕಪ್ಪು ಮುಖ, ಬಿಳಿ ಅಂಚಿನ ದುಂಡು ಕಣ್ಣು, ಕಿವಿ ತನಕ ಹೋಗುವ ಕೆಂಪು ತುಟಿ, ಕೆದರಿದ ಉಣ್ಣೆ ಕೂದಲು, ನೀಲಿ ಕೋಟು, ಕೆಂಪು ಪ್ಯಾಂಟು. ಜೊತೆಗೆ ಬಿಸ್ಕತ್ ಡಬ್ಬಿ ತುಂಬಾ ಅದೇ ಮುಖದ ಬ್ಯಾಡ್ಜುಗಳು. ಒಬ್ಬ ಗಿಟಾರ್ ಹಿಡಿದಿದ್ದಾನೆ, ಇನ್ನೊಬ್ಬ ಕ್ರಿಕೆಟ್ ಬ್ಯಾಟ್ ಹಿಡಿದಿದ್ದಾನೆ. "ಇವನು ನನ್ನ ಗಾಲಿ, ಚಿಕ್ಕವಳಿದ್ದಾಗ ಇವನನ್ನು ತಬ್ಬಿಕೊಳ್ಳದೆ ನನಗೆ ನಿದ್ದೆ ಬರುತ್ತಿರಲಿಲ್ಲ" ಅಂದರು ಅಜ್ಜಿ. ಕಣ್ಣಲ್ಲಿ ನೀರಿತ್ತು.

ಮಗಳಿಗೂ ಅವನೆಂದರೆ ಪ್ರಾಣ. ಶುಕ್ರವಾರ ನರ್ಸರಿಗೆ ಎಲ್ಲರೂ ಮನೆಯಿಂದ ಒಂದು ಆಟಿಕೆ ಒಯ್ದು ಅದರ ಬಗ್ಗೆ ಹೇಳಬೇಕು. ಇವಳು ಇವನನ್ನೇ ಒಯ್ಯಬೇಕಂತೆ. ಅವಳ ಟೀಚರ್ ಕಪ್ಪು ಹೆಂಗಸು, ಅವರ ತಂದೆ ತಾಯಿ ನೈಜೀರಿಯಾದಿಂದ ಬಂದವರು. ನೆನೆಸಿಕೊಂಡೇ ನನಗೆ ಬೆವರು ಬಂತು. ನನ್ನ ಗಂಡ "ಬರೀ ಬಟ್ಟೆ ಗೊಂಬೆ ಕಣೇ, ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀಯ" ಅನ್ನುತ್ತಾರೆ.

ಇನ್ನೊಂದು ಮಾತು ನನ್ನ ಗಂಡನಿಗೂ ಹೇಳಿಲ್ಲ. ರಾತ್ರಿ ಮಲಗುವಾಗ ಮಗಳು ಗೊಂಬೆಯ ಕೆನ್ನೆ ಪಕ್ಕ ತನ್ನ ಕೈ ಇಟ್ಟು ನೋಡಿ, "ಅಮ್ಮಾ, ಇವನು ನನ್ನ ಥರ ಕಪ್ಪು, ಅಲ್ವಾ?" ಅಂದಳು. ನನಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ.

---

ತಗಡಿನ_ಬಸ್ಸು

ಮೊದಲನೇ ಮಾತು, ಬಿಸಾಡಬೇಡಿ. ನಾನು ಬೆಂಗಳೂರಿನಲ್ಲಿ ಹಳೇ ಆಟಿಕೆ ಕೂಡಿಡುವ ಹುಚ್ಚ, ಅದಕ್ಕೇ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಈ ಗೊಂಬೆ ಹುಟ್ಟಿದ್ದು ಮಕ್ಕಳ ಪುಸ್ತಕದಲ್ಲಿ. 1895ರಲ್ಲಿ ಲಂಡನ್‌ನಲ್ಲಿ ಅಚ್ಚಾಯಿತು. ಚಿತ್ರ ಬರೆದವಳು ಫ್ಲಾರೆನ್ಸ್ ಅಪ್ಟನ್, ಪದ್ಯ ಬರೆದದ್ದು ಅವಳ ತಾಯಿ. ಎರಡು ಮರದ ಗೊಂಬೆಗಳು ಮೊದಲು ಇವನನ್ನು ನೋಡಿ ಹೆದರುತ್ತವೆ, ಆಮೇಲೆ ನೋಡಿದರೆ ಇವನು ತುಂಬಾ ಒಳ್ಳೆಯವನು. ಪುಸ್ತಕ ಹಿಟ್ ಆಯಿತು, ಮುಂದೆ ಇನ್ನಷ್ಟು ಪುಸ್ತಕ ಬಂದವು. ಪಾಪ, ಅಪ್ಟನ್ ಈ ಪಾತ್ರದ ಹಕ್ಕನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲಿಲ್ಲ. ಹಾಗಾಗಿ ಯಾರು ಬೇಕಾದರೂ ಗೊಂಬೆ ಮಾಡಿ ಮಾರಿದರು. ಟೆಡ್ಡಿ ಕರಡಿಗೆ ಹೆಸರಾದ ಜರ್ಮನಿಯ ಸ್ಟೈಫ್ ಕಂಪನಿಯೂ ಮಾಡಿತು. 1917ರಲ್ಲಿ ಅಪ್ಟನ್ ತನ್ನ ಮೂಲ ಗೊಂಬೆಗಳನ್ನು ಹರಾಜಿಗೆ ಕೊಟ್ಟಳು, ಆ ದುಡ್ಡಿನಲ್ಲಿ ಯುದ್ಧದ ಗಾಯಾಳುಗಳಿಗೆ ಆಂಬುಲೆನ್ಸ್ ಕೊಂಡರು.

ನಿಮ್ಮ ಡಬ್ಬಿಯಲ್ಲಿರುವ ಬ್ಯಾಡ್ಜುಗಳು ರಾಬರ್ಟ್‌ಸನ್ಸ್ ಜಾಮ್‌ನವು. ಆ ಕಂಪನಿ 1910ರಿಂದ ಈ ಮುಖವನ್ನು ತನ್ನ ಗುರುತಾಗಿ ಇಟ್ಟುಕೊಂಡಿತ್ತು. ಜಾಮ್ ಬಾಟಲಿಯ ಜೊತೆ ಕಾಗದದ ಗಾಲಿ ಬರುತ್ತಿತ್ತು. ಅವನ್ನು ಇಷ್ಟು ಅಂತ ಕೂಡಿಸಿ ಕಂಪನಿಗೆ ಪೋಸ್ಟ್ ಮಾಡಿದರೆ ಬ್ಯಾಡ್ಜ್ ಕಳಿಸುತ್ತಿದ್ದರು. ಬ್ಯಾಡ್ಜ್ ಶುರುವಾದದ್ದು 1928ರಲ್ಲಿ. ಎರಡು ಮೂರು ತಲೆಮಾರಿನ ಇಂಗ್ಲಿಷ್ ಮಕ್ಕಳು ಇದನ್ನು ಕೂಡಿಟ್ಟಿದ್ದಾರೆ. ನಿಮ್ಮ ಅಜ್ಜಿ ಯಾರನ್ನೂ ಹೀಯಾಳಿಸೋಕೆ ಇದನ್ನು ಇಟ್ಟುಕೊಂಡವರಲ್ಲ, ಅದಂತೂ ಖಂಡಿತ. ಅಂದಹಾಗೆ ಆ ಕ್ರಿಕೆಟ್ ಬ್ಯಾಡ್ಜಿನ ಹಿಂಭಾಗದ ಫೋಟೋ ಹಾಕುತ್ತೀರಾ?

---

ಕೆಂಪು_ದಾಸವಾಳ

ತಗಡಿನ ಬಸ್ಸು ಅವರೇ, ಅರ್ಧ ಕಥೆ ಹೇಳಿ ಫೋಟೋ ಕೇಳಿದಿರಿ. ಉಳಿದರ್ಧ ನಾನು ಹೇಳುತ್ತೇನೆ.

ಅಪ್ಟನ್ ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿ ಚಿಕ್ಕವಳಿದ್ದಾಗ ಆಡಿದ ಒಂದು ಗೊಂಬೆಯೇ ಈ ಚಿತ್ರಕ್ಕೆ ಮೂಲ. ಆ ಗೊಂಬೆ ಮಿನ್‌ಸ್ಟ್ರೆಲ್ ಆಟದವನದು. ಬಿಳಿಯರು ಸುಟ್ಟ ಬೆಂಡಿನ ಮಸಿ ಮುಖಕ್ಕೆ ಬಳಿದುಕೊಂಡು, ತುಟಿಯನ್ನು ಎರಡರಷ್ಟು ದೊಡ್ಡದಾಗಿ ಬರೆದುಕೊಂಡು, ತೋಟಗಳಲ್ಲಿ ಗುಲಾಮರಾಗಿ ದುಡಿಯುತ್ತಿದ್ದ ಕಪ್ಪು ಜನರನ್ನು ಪೆದ್ದರು, ಸೋಮಾರಿಗಳು, ಸದಾ ಕುಣಿಯುವವರು ಅಂತ ಅಣಕಿಸುತ್ತಿದ್ದ ಆಟ ಅದು. ಈ ಗೊಂಬೆಯ ಬಟ್ಟೆ ನೋಡಿ, ಬೋ ನೋಡಿ, ತುಟಿ ನೋಡಿ. ಅದು ಕಪ್ಪು ಮನುಷ್ಯನ ಮುಖವೇ ಅಲ್ಲ, ಅವನನ್ನು ಅಣಕಿಸೋಕೆ ಹಾಕಿದ ವೇಷ.

ನಾನು 1974ರಲ್ಲಿ ಹಾಸನದಿಂದ ಇಲ್ಲಿಗೆ ಡಾಕ್ಟರ್ ಆಗಿ ಬಂದವಳು. ಆಗ ಬಿಬಿಸಿಯಲ್ಲೇ ಬಿಳಿಯರು ಮುಖಕ್ಕೆ ಕಪ್ಪು ಬಳಿದುಕೊಂಡು ಹಾಡುವ ಕಾರ್ಯಕ್ರಮ ಬರುತ್ತಿತ್ತು. 1958ರಿಂದ 1978ರ ತನಕ ನಡೆಯಿತು ಅದು. ನಾವೆಲ್ಲ ಮೆಸ್ಸಿನಲ್ಲಿ ಊಟ ಮಾಡುತ್ತಾ ಅದನ್ನು ನೋಡುತ್ತಿದ್ದೆವು. ಜಮೈಕಾದಿಂದ ಬಂದ ನರ್ಸ್ ಒಬ್ಬಳು ಮಾತ್ರ ಅದು ಶುರುವಾದ ತಕ್ಷಣ ತಟ್ಟೆ ಎತ್ತಿಕೊಂಡು ಹೊರಗೆ ಹೋಗುತ್ತಿದ್ದಳು. ಯಾಕೆ ಅಂತ ನಾನು ಒಂದು ದಿನವೂ ಕೇಳಲಿಲ್ಲ. ಈಗ ನಾಚಿಕೆಯಾಗುತ್ತದೆ.

ಒಂದು ಸಲ ವಾರ್ಡಿನಲ್ಲಿ ಒಬ್ಬ ಮುದುಕ ನನ್ನ ಕೈ ತಳ್ಳಿ, "ವಾಗ್ ಡಾಕ್ಟರ್ ನನ್ನನ್ನು ಮುಟ್ಟೋದು ಬೇಡ" ಅಂದ. ಆ ಬೈಗುಳ ನಮಗೂ ಸೇರಿದ್ದು, ತಿಳಿದುಕೊಳ್ಳಿ. ಭಾರತದವರು, ಅರಬರು, ಕಪ್ಪು ಜನ, ಎಲ್ಲರಿಗೂ ಒಂದೇ ಮಾತು. ಅದು ಗಾಲಿವಾಗ್‌ನಿಂದಲೇ ಬಂತಾ, ಬೇರೆ ಎಲ್ಲಿಂದಲೋ ಬಂತಾ ಅಂತ ನಿಘಂಟಿನವರು ಜಗಳ ಆಡಿಕೊಳ್ಳಲಿ. ಸ್ಕೂಲ್ ಮೈದಾನದಲ್ಲಿ ನನ್ನ ಮಗನನ್ನು "ಗಾಲಿ, ಗಾಲಿ" ಅಂತ ಅಟ್ಟಿಸಿಕೊಂಡು ಹೋದ ಹುಡುಗರು ನಿಘಂಟು ತೆಗೆದು ನೋಡಿರಲಿಲ್ಲ. ಅವರ ಕೋಟಿನ ಮೇಲೆ ಅದೇ ಜಾಮ್ ಬ್ಯಾಡ್ಜ್ ಇತ್ತು.

ರೊಟ್ಟಿ, ನಿಮ್ಮ ಅಜ್ಜಿ ಒಳ್ಳೆಯವರೇ ಇರಬೇಕಮ್ಮ. ಅದು ಬೇರೆ ಮಾತು. ನರ್ಸರಿಗೆ ಮಾತ್ರ ಕಳಿಸಬೇಡ.

---

ಬಿಡ್ರೀ_ಅತ್ಲಾಗೆ

ಎಲ್ಲದರಲ್ಲೂ ಹುಳುಕು ಹುಡುಕುವ ಕಾಲ ಇದು. 4 ವರ್ಷದ ಮಗು ಒಂದು ಗೊಂಬೆಯನ್ನು ಪ್ರೀತಿ ಮಾಡುತ್ತಿದೆ, ದೊಡ್ಡವರು ಸೇರಿಕೊಂಡು ಅದರ ತಲೆಗೆ ದ್ವೇಷದ ಪಾಠ ತುಂಬುತ್ತಿದ್ದೀರಿ. 2023ರಲ್ಲಿ ಎಸೆಕ್ಸ್‌ನ ಒಂದು ಪಬ್‌ಗೆ ಪೊಲೀಸರು ಹೋಗಿ ಸಾಲಾಗಿ ಇಟ್ಟಿದ್ದ ಗಾಲಿವಾಗ್ ಗೊಂಬೆಗಳನ್ನು ಎತ್ತಿಕೊಂಡು ಬಂದರಲ್ಲ, ಕಳ್ಳರನ್ನು ಹಿಡಿಯೋದು ಬಿಟ್ಟು ಗೊಂಬೆ ಹಿಡಿದರು ಅಂತ ನಾನು ನಕ್ಕಿದ್ದೆ.

ಹಾಗಂದರೆ ನಮ್ಮೂರಿನಲ್ಲಿ ಮನೆ ಕಟ್ಟುವಾಗ ನೇತುಹಾಕುವ ದೃಷ್ಟಿ ಬೊಂಬೆ? ಅದಕ್ಕೂ ಕಪ್ಪು ಮುಖ, ಕೆಂಪು ನಾಲಿಗೆ, ಗುಡ್ಡೆ ಕಣ್ಣು. ಅದನ್ನೂ ತೆಗೆಯಬೇಕಾ? ನಾಳೆ ಯಕ್ಷಗಾನದ ರಾಕ್ಷಸನನ್ನೂ ತೆಗೆಯಿರಿ. ಅಜ್ಜಿ ಪ್ರೀತಿಯಿಂದ ಕೊಟ್ಟಿದ್ದಾರೆ, ಮಗು ಪ್ರೀತಿಯಿಂದ ಆಡುತ್ತಿದೆ. ಯಾರ ಮನಸ್ಸಿನಲ್ಲೂ ಕೆಟ್ಟದ್ದು ಇಲ್ಲ ಅಂದ ಮೇಲೆ ಗೊಂಬೆಯೊಳಗೆ ಕೆಟ್ಟದ್ದು ಎಲ್ಲಿಂದ ಬಂತು, ಹೇಳಿ.

---

ಮಿಶಿಗನ್_ಮುದ್ದೆ

ಎಲ್ಲಿಂದ ಬಂತು ಅಂತ ಕೇಳಿದಿರಿ. ನಾನು ಕಣ್ಣಾರೆ ನೋಡಿದ್ದನ್ನು ಹೇಳುತ್ತೇನೆ. ನಮ್ಮ ಮಿಶಿಗನ್‌ನ ಬಿಗ್ ರ‍್ಯಾಪಿಡ್ಸ್ ಊರಿನ ಫೆರಿಸ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಜಿಮ್ ಕ್ರೋ ಮ್ಯೂಸಿಯಂ ಇದೆ, ಕಪ್ಪು ಜನರನ್ನು ಹೀಯಾಳಿಸೋಕೆ ಮಾಡಿದ ಸಾಮಾನುಗಳನ್ನು ಇಟ್ಟಿರುವ ಜಾಗ. ಡೇವಿಡ್ ಪಿಲ್‌ಗ್ರಿಮ್ ಅನ್ನುವ ಕಪ್ಪು ಪ್ರೊಫೆಸರ್ ಇಂಥ ಸಾಮಾನುಗಳನ್ನು ಚಿಕ್ಕಂದಿನಿಂದ ಕೂಡಿಸುತ್ತಾ ಬಂದವರು. ಮೊದಲು ಕೊಂಡ ವಸ್ತುವನ್ನು ಅಲ್ಲೇ ನೆಲಕ್ಕೆ ಎಸೆದು ಒಡೆದುಹಾಕಿದರಂತೆ! ಆಮೇಲೆ ಒಡೆಯುವುದು ಬಿಟ್ಟು ಕೂಡಿಡಲು ಶುರು ಮಾಡಿದರು. ಆ ಸಂಗ್ರಹದಿಂದಲೇ ಮ್ಯೂಸಿಯಂ ಆಯಿತು.

ಅಂಥ ಸಾಮಾನುಗಳಲ್ಲಿ ಹೆಸರಾದದ್ದು ಒಂದು ಎರಕದ ಕಬ್ಬಿಣದ ಹುಂಡಿ. ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಒಂದು ಕಂಪನಿ 1882ರಲ್ಲಿ ಪೇಟೆಂಟ್ ಪಡೆದು ಮಾಡಿದ್ದು. ಅದರ ಹೆಸರಿನಲ್ಲೇ ಬೈಗುಳ ಇದೆ, ನಾನು ಇಲ್ಲಿ ಬರೆಯಲ್ಲ. ಕಪ್ಪು ಮನುಷ್ಯನ ಅರ್ಧ ಮೈ, ಒಂದು ಕೈ ಚಾಚಿಕೊಂಡಿದೆ. ಅಂಗೈ ಮೇಲೆ ಕಾಸು ಇಟ್ಟು ಹಿಂದಿನ ಹಿಡಿ ಒತ್ತಿದರೆ ಕೈ ಮೇಲೆ ಹೋಗುತ್ತದೆ, ಕಣ್ಣು ಗಿರ್ರನೆ ತಿರುಗುತ್ತದೆ, ಕಾಸನ್ನು ಗುಳುಂ ಅಂತ ನುಂಗುತ್ತದೆ. ಮಗುವಿಗೆ ಉಳಿತಾಯ ಕಲಿಸೋಕೆ ಅದು! ಯಂತ್ರ ಎಷ್ಟು ಚೆನ್ನಾಗಿದೆ ಅಂದರೆ ಇನ್ನೊಂದು ಕಾಸು ಹಾಕೋಣ ಅನಿಸುತ್ತದೆ. ಅದೇ ನೋಡಿ ಅದರ ಕಷ್ಟ. ದಿನಾ ಹತ್ತು ಸಲ ಕಾಸು ಹಾಕಿ ನಗುವ ಮಗು ಯಾವ ದ್ವೇಷವನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ. ಕಪ್ಪು ಮನುಷ್ಯ ಅಂದರೆ ಬಾಯಿ ತೆರೆದು ಕಾಯುವ ಒಂದು ತಮಾಷೆ ಅಂತ ಕಲಿಯುತ್ತದೆ, ಅಷ್ಟೇ.

ರೊಟ್ಟಿ ಅವರೇ, ನಿಮ್ಮ ಮಗಳ ಮಾತು ಓದಿ ನನಗೆ ನೆನಪಾದದ್ದು ಕ್ಲಾರ್ಕ್ ದಂಪತಿಯ ಗೊಂಬೆ ಪರೀಕ್ಷೆ. 1940ರ ದಶಕದಲ್ಲಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ಅನ್ನುವ ಇಬ್ಬರು ಕಪ್ಪು ಮನಶ್ಶಾಸ್ತ್ರಜ್ಞರು 3ರಿಂದ 7 ವರ್ಷದ ಕಪ್ಪು ಮಕ್ಕಳ ಮುಂದೆ ಬಣ್ಣ ಬಿಟ್ಟು ಉಳಿದೆಲ್ಲ ಒಂದೇ ಥರ ಇದ್ದ ಗೊಂಬೆಗಳನ್ನು ಇಟ್ಟರು. ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು, ಯಾವುದು ನಿನ್ನ ಥರ ಇದೆ ಅಂತ ಕೇಳಿದರು. ಹೆಚ್ಚಿನ ಮಕ್ಕಳು ಬಿಳಿ ಗೊಂಬೆಯೇ ಒಳ್ಳೆಯದು ಅಂದರು. ನಿನ್ನ ಥರ ಯಾವುದು ಅಂದಾಗ ಕೆಲವು ಮಕ್ಕಳು ಅತ್ತುಬಿಟ್ಟರು. ಶಾಲೆಗಳಲ್ಲಿ ಬಣ್ಣದ ಬೇಲಿ ತೆಗೆಸಿದ 1954ರ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಈ ಕೆಲಸದ ಉಲ್ಲೇಖ ಇದೆ. ಮೂರು ವರ್ಷದ ಮಗುವಿಗೂ ಬಣ್ಣದ ಲೆಕ್ಕ ಗೊತ್ತಿರುತ್ತದೆ. ನಾವು ಕಲಿಸದಿದ್ದರೂ ಗೊತ್ತಿರುತ್ತದೆ.

---

ಯಲ್ಲಾಪುರದ_ಕಡೆಯವಳು

ನಾನು ಇಲ್ಲಿ ಬರೆಯುವುದು ಕಮ್ಮಿ. ದೃಷ್ಟಿ ಬೊಂಬೆ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಾನು ಸಿದ್ದಿ. ನಮ್ಮ ಹಿರಿಯರನ್ನು ನೂರಾರು ವರ್ಷದ ಹಿಂದೆ ಆಫ್ರಿಕಾದಿಂದ ತಂದರು. ನಾವು ಹುಟ್ಟಿ ಬೆಳೆದದ್ದೆಲ್ಲ ಉತ್ತರ ಕನ್ನಡದ ಕಾಡಂಚಿನಲ್ಲಿ, ಮನೆಮಾತು ಕೊಂಕಣಿ, ಶಾಲೆ ಕನ್ನಡ. ದೃಷ್ಟಿ ಬೊಂಬೆ ನೋಡಿ ನನಗೆ ಯಾವತ್ತೂ ಬೇಜಾರಾಗಿಲ್ಲ. ಅದು ರಾಕ್ಷಸ. ಅದಕ್ಕೆ ಕೋರೆಹಲ್ಲು ಇದೆ, ಕೊಂಬು ಇದೆ. ಅದನ್ನು ನೋಡಿ ಯಾರೂ "ನೋಡೇ, ನಿಮ್ಮಪ್ಪ" ಅಂದಿಲ್ಲ.

ಅಂದದ್ದು ಬೇರೆ ಕಡೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಶಾಲೆಯ ವಾರ್ಷಿಕೋತ್ಸವದಲ್ಲಿ ಕಾಡುಜನರ ಡ್ಯಾನ್ಸ್ ಇತ್ತು. ಹುಡುಗರು ಮೈಗೆಲ್ಲ ಮಸಿ ಬಳಿದುಕೊಂಡು, ತುಟಿಗೆ ಬಿಳಿ ಬಣ್ಣ ಹಚ್ಚಿ, ಸೊಪ್ಪು ಕಟ್ಟಿಕೊಂಡು ಹೂ ಹೂ ಅಂತ ಕುಣಿಯೋದು. ಎಲ್ಲ ಶಾಲೆಯಲ್ಲೂ ಇರುತ್ತದೆ, ನಿಮ್ಮ ಶಾಲೆಯಲ್ಲೂ ಇದ್ದಿರುತ್ತದೆ. ಮೇಷ್ಟ್ರು ನನ್ನನ್ನು ಕರೆದು, "ನಿನಗೆ ಬಣ್ಣದ ಖರ್ಚೇ ಇಲ್ಲ, ನೀನೂ ಸೇರಿಕೋ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಸೇರಿಕೊಂಡು ಕುಣಿದೆ, ಬಹುಮಾನವೂ ಬಂತು, ಸ್ಟೀಲ್ ಡಬ್ಬಿ. ಮೇಷ್ಟ್ರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಒಳ್ಳೆ ಮೇಷ್ಟ್ರೇ. ನನ್ನ ಫೀಸು ಒಂದು ಸಲ ಅವರೇ ಕಟ್ಟಿದ್ದರು.

ಆ ಡಬ್ಬಿಯಲ್ಲಿ ನಾನು ಒಂದು ದಿನವೂ ಊಟ ಒಯ್ಯಲಿಲ್ಲ.

---

ಬಿಡ್ರೀ_ಅತ್ಲಾಗೆ

@ಯಲ್ಲಾಪುರದ_ಕಡೆಯವಳು, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ತಂಗಿ. ಆ ಡ್ಯಾನ್ಸು ನಾನೂ ಮಾಡಿದ್ದೇನೆ.

ಆದರೂ ಪೊಲೀಸರು ಗೊಂಬೆ ಹಿಡಿಯೋದು ತಪ್ಪು ಅಂತಲೇ ನನ್ನ ವಾದ. ಅದನ್ನು ಬಿಡಲ್ಲ.

---

ಕೆಂಪು_ದಾಸವಾಳ

ಅದನ್ನು ಯಾರು ಬಿಡಿ ಅಂದರು? ಮನೆಯಲ್ಲಿ ಇಟ್ಟುಕೊಳ್ಳೋದು ಇಲ್ಲಿ ಅಪರಾಧ ಅಲ್ಲ. ಪೊಲೀಸರ ಮಾತು ತಂದದ್ದು ನೀವೇ. ಜಾಮ್ ಕಂಪನಿ 2000 ದಾಟಿದ ಮೇಲೆ ಆ ಮುಖವನ್ನು ತಾನಾಗಿಯೇ ಕೈಬಿಟ್ಟಿತು, ಪೊಲೀಸರು ಬಂದು ಬಿಡಿಸಲಿಲ್ಲ. ಇಂಗ್ಲಿಷ್ ಮಕ್ಕಳ ಲೇಖಕಿ ಎನಿಡ್ ಬ್ಲೈಟನ್ ಬರೆದ, ನಾಡಿ (Noddy) ಅನ್ನುವ ಮರದ ಗೊಂಬೆ ಹುಡುಗನ ಕಥೆಯಲ್ಲಿ ಗಾಲಿವಾಗ್‌ಗಳು ಕಾಡಿನಲ್ಲಿ ಪಾಪ ಆ ಹುಡುಗನ ಕಾರು, ಬಟ್ಟೆ ಕದಿಯುತ್ತವೆ. ಮುಂದೆ ಅಲ್ಲಿ ಗಾಬ್ಲಿನ್‌ ಅನ್ನುವ ಕುಳ್ಳ ತುಂಟ ಭೂತಗಳನ್ನು ಹಾಕಿದರು. ಕಥೆಗೆ ಏನೂ ಕೊರತೆಯಾಗಲಿಲ್ಲ. ತಗಡಿನ ಬಸ್ಸು ಅವರ ಒಳ್ಳೆ ಗಾಲಿವಾಗ್ 1951ಕ್ಕೆ ಕಳ್ಳನಾಗಿಬಿಟ್ಟಿದ್ದ, ಅದನ್ನೂ ಬರೆದುಕೊಳ್ಳಿ.

---

ರೆಡಿಂಗ್_ರೊಟ್ಟಿ

ಎಲ್ಲರಿಗೂ ಥ್ಯಾಂಕ್ಸ್. ಯಲ್ಲಾಪುರದವರ ಮಾತನ್ನು ನನ್ನ ಗಂಡನಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ, ಎದ್ದು ಹೋಗಿ ಪಾತ್ರೆ ತೊಳೆದರು. ನಮ್ಮ ಮನೆಯಲ್ಲಿ ಅದೇ ಉತ್ತರ.

ಶುಕ್ರವಾರ ಒಂದು ಕಿವಿಯ ಮೊಲ ನರ್ಸರಿಗೆ ಹೋಯಿತು. ಅದಕ್ಕೆ ಮುಂಚೆ ಮಗಳನ್ನು ಕೂರಿಸಿಕೊಂಡು, "ತುಂಬಾ ಹಿಂದೆ ಕೆಲವರು ಕಪ್ಪು ಜನರನ್ನು ನೋಡಿ ನಗೋಕೆ ಇಂಥ ಮುಖ ಮಾಡಿದರು ಪುಟ್ಟಾ, ಇದನ್ನು ನೋಡಿದರೆ ನಿನ್ನ ಟೀಚರ್‌ಗೆ ಬೇಜಾರಾಗಬಹುದು" ಅಂದೆ. ಗೊಂಬೆಯನ್ನು ತುಂಬಾ ಹೊತ್ತು ನೋಡಿದಳು. ತುಟಿ ಮುಟ್ಟಿದಳು. "ಇಷ್ಟು ದೊಡ್ಡ ಬಾಯಿ ಯಾರಿಗೂ ಇರಲ್ಲ" ಅಂದಳು. ಸರಿ, ಅರ್ಥವಾಯಿತು ಅಂದುಕೊಂಡೆ. ನಿನ್ನೆ ಸಂಜೆ ನೋಡಿದರೆ ನನ್ನ ಹೊಲಿಗೆ ಡಬ್ಬಿ ಮುಂದೆ ಇಟ್ಟುಕೊಂಡು, ಗೊಂಬೆಯನ್ನು ತೊಡೆ ಮೇಲೆ ಮಲಗಿಸಿಕೊಂಡು ಕೂತಿದ್ದಾಳೆ. "ಅಮ್ಮಾ, ಇವನಿಗೆ ಬೇರೆ ಬಾಯಿ ಹೊಲಿದು ಕೊಡು, ನನ್ನ ಥರದ್ದು."

ಅಜ್ಜಿ ಕೇರ್ ಹೋಮ್‌ನಿಂದ ಫೋನ್ ಮಾಡಿ ಗಾಲಿ ಹೇಗಿದ್ದಾನೆ ಅಂತ ಕೇಳಿದರು. ಚೆನ್ನಾಗಿದ್ದಾನೆ ಅಂದೆ.

---

ತಗಡಿನ_ಬಸ್ಸು

ಅಯ್ಯೋ, ಹೊಲಿಗೆ ಬಿಚ್ಚಬೇಡಿ ದಯವಿಟ್ಟು! ಅಷ್ಟು ಹಳೆಯ ಗೊಂಬೆ, ಮೂಲ ತುಟಿ ಹೋದರೆ ಏನೂ ಉಳಿಯಲ್ಲ. ಬೇಕಾದರೆ ಯಾವುದಾದರೂ ಮ್ಯೂಸಿಯಂ ಕೇಳಿ ನೋಡಿ.

---

ಯಲ್ಲಾಪುರದ_ಕಡೆಯವಳು

ನೀವು ಸುಮ್ನಿರಿ ಬಸ್ಸಣ್ಣ. ರೊಟ್ಟಿ ಅಕ್ಕಾ, ಕಂದು ದಾರ ತಗೊಳ್ಳಿ. ಕೆಂಪು ಬೇಡ.