ಕರ ಕಟ್ಟಿದ್ದೀಯ ತಾನೆ, ಲೆಕ್ಕ ಕೇಳು

ಗುಂಪು: ನಮ್ಮ ಮನೆ ಮಂದಿ

ಕಾರ್ತಿಕ್: (ಫೋಟೊ: ಆಸ್ತಿ ತೆರಿಗೆ ರಸೀದಿ)
ತೆರಿಗೆ ಮೇಲೆ ಗ್ರಂಥಾಲಯ ಕರ ನೂರಕ್ಕೆ 6 ಅಂತೆ. ಕಾಲೇಜು ಬಿಟ್ಟ ಮೇಲೆ ನಾನು ಲೈಬ್ರರಿ ಬಾಗಿಲೇ ನೋಡಿಲ್ಲ. ಯಾರಿಗೆ ಕಟ್ತಿದೀನಿ ಇದನ್ನ?

ದೊಡ್ಡಪ್ಪ: ಭಿಕ್ಷುಕರ ಕರ 3 ಅಂತಾನೂ ಇದೆ. ಅದನ್ನ ಕೇಳಲಿಲ್ಲ ನೀನು 😀

ಕಾರ್ತಿಕ್: ಸೀರಿಯಸ್ಸಾಗಿ ಹೇಳ್ತಿದೀನಿ ದೊಡ್ಡಪ್ಪ. ಸರ್ಕಾರದ್ದೇ ಡಿಜಿಟಲ್ ಲೈಬ್ರರಿ 2020ರಲ್ಲೇ ಬಂದಿದೆ. ನಾಲ್ಕು ಜನ ಪೇಪರ್ ಓದೋಕೆ ಊರ ಮಧ್ಯ ಅಷ್ಟು ದೊಡ್ಡ ಕಟ್ಟಡ ಬೇಕಾ?

ದೊಡ್ಡಪ್ಪ: ಆ ನಾಲ್ಕು ಜನರಲ್ಲಿ ನಾನೊಬ್ಬ. ಮನೇಲಿ ಪೇಪರ್ ಹಿಡಿದು ಕೂತ್ರೆ ನಿಮ್ಮ ದೊಡ್ಡಮ್ಮ ಸುಮ್ನಿರ್ತಾಳಾ

ಪಲ್ಲವಿ: ಕಾರ್ತಿಕಣ್ಣ, ಬಾಗಿಲು ತೆಗೆಯೋ ಹೊತ್ತಿಗೆ ಬಂದು ನೋಡು, ಕುರ್ಚಿ ಸಿಗಲ್ಲ. ಎಫ್‌ಡಿಎ, ಪಿಎಸ್‌ಐ ಅಂತ ಓದೋರೇ ಎಲ್ಲ. ಪಿಜಿ ರೂಮಲ್ಲಿ ನಾಲ್ಕು ಜನ ಇದ್ದೀವಿ, ಅಲ್ಲಿ ಓದೋಕಾಗುತ್ತಾ?

ಕಾರ್ತಿಕ್: ಅದು ಸ್ಟಡಿ ಹಾಲ್ ಕಣೇ. ಅಲ್ಲಿನ ಪುಸ್ತಕ ನೀವ್ಯಾರೂ ಮುಟ್ಟಲ್ಲ, ಗೈಡು ಮನೆಯಿಂದಲೇ ತಗೊಂಡು ಹೋಗ್ತೀರ.

ಪಲ್ಲವಿ: ನಿಜ. ಅಲ್ಲಿರೋದು ಹಳೇ ಸಿಲೆಬಸ್ಸಿಂದು. ಹೊಸದು ತರಿಸಿ ಅಂದ್ರೆ ದುಡ್ಡು ಬಂದಿಲ್ಲ ಅಂತಾರೆ.

ಸುಮಾ ಅತ್ತೆ: ಈಗ ವಿಷಯಕ್ಕೆ ಬಂದ್ಲು ನೋಡು. ಆ ಕರ 1965ರ ಕಾಯ್ದೆಯದು. ಪಾಲಿಕೆ, ಪಂಚಾಯ್ತಿ ವಸೂಲಿ ಮಾಡಿ ಗ್ರಂಥಾಲಯಕ್ಕೆ ಕೊಡಬೇಕು. ವಸೂಲಿ ಚೆನ್ನಾಗೇ ಆಗುತ್ತೆ, ಕೊಡೋದರಲ್ಲೇ ಬಾಕಿ. ಏನೂ ಇಲ್ಲ ಅಂತ ನೀನು ಹೋಗಲ್ಲ, ಯಾರೂ ಬರಲ್ಲ ಅಂತ ಅವರು ಕೊಡಲ್ಲ.

ಕಾರ್ತಿಕ್: ಅತ್ತೆ, ಲೈಬ್ರರಿ ಮೇಲ್ವಿಚಾರಕಿ ನೀವು, ಇನ್ನೇನು ಹೇಳ್ತೀರ 😄

ಸುಮಾ ಅತ್ತೆ: ಅದಕ್ಕೇ ಹೇಳ್ತಿರೋದು. 2019ರಲ್ಲಿ ನಮ್ಮ ಹಳ್ಳಿ ಲೈಬ್ರರಿಗಳನ್ನ ಪಂಚಾಯತ್ ರಾಜ್ ಇಲಾಖೆಗೆ ಸೇರಿಸಿದರು. ಅಲ್ಲೀತನಕ ನಮ್ಮದು ಒಂದು ಕೋಣೆ, ಎರಡು ಪೇಪರು. ಕೊರೋನಾದಲ್ಲಿ ಶಾಲೆ ಮುಚ್ಚಿದ್ದಾಗ ‘ಓದುವ ಬೆಳಕು’ ಅಂತ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ ಮಾಡಿದ್ರಲ್ಲ, ಆಮೇಲೆ ಮಕ್ಕಳು ಬರೋಕೆ ಶುರುವಾಗಿದ್ದು. ಈಗ ‘ಅರಿವು ಕೇಂದ್ರ’ ಅಂತ ಬೋರ್ಡು, ಕಂಪ್ಯೂಟರೂ ಇದೆ. ಹೆಣ್ಣುಮಕ್ಕಳು ಊರಲ್ಲಿ ಇನ್ನೆಲ್ಲಿ ಕೂರ್ತಾರೆ ಹೇಳು? ಅರಳಿಕಟ್ಟೆ ಮೇಲೆ ಗಂಡಸರು. ಅಂಗಡಿ ಮುಂದೆ ಗಂಡಸರು. ಮನೇಲಿರೋ ಒಂದು ಫೋನು ಅಣ್ಣನ ಕೈಲಿ. ನಿನ್ನ ಡಿಜಿಟಲ್ ಲೈಬ್ರರಿ ಅವಳಿಗೆ ಎಲ್ಲಿಂದ ಬರುತ್ತೆ?

ಕಾರ್ತಿಕ್: ಸರಿ, ಹಳ್ಳಿ ವಿಷಯ ಒಪ್ಪಿದೆ. ಸಿಟಿಗ್ಯಾಕೆ?

ಪಲ್ಲವಿ: ಒಂದು ಕಾಫಿನೂ ಕೊಳ್ಳದೆ ಮೂರು ಗಂಟೆ ಕೂರೋ ಜಾಗ ಸಿಟಿಲಿ ಒಂದು ಹೇಳಣ್ಣ

ದೊಡ್ಡಪ್ಪ: ದೇವಸ್ಥಾನ

ಪಲ್ಲವಿ: ಮಧ್ಯಾಹ್ನ ಬಾಗಿಲು ಹಾಕ್ತಾರೆ ದೊಡ್ಡಪ್ಪ 🙏

ಸುಮಾ ಅತ್ತೆ: ಕರ ಕಟ್ಟಿದ್ದೀಯ ತಾನೆ, ಲೆಕ್ಕ ಕೇಳು. ಎಷ್ಟು ವಸೂಲಾಯ್ತು, ಗ್ರಂಥಾಲಯಕ್ಕೆ ಎಷ್ಟು ಹೋಯ್ತು ಅಂತ ಮಾಹಿತಿ ಹಕ್ಕಲ್ಲಿ ಅರ್ಜಿ ಹಾಕು. ಶುಲ್ಕ 10 ರೂಪಾಯಿ.

ಕಾರ್ತಿಕ್: ಯಾರು ಬರೀತಾರೆ ಅದನ್ನ

ದೊಡ್ಡಪ್ಪ: ನಾನು ಬರೀತೀನಿ, ನೀನು ಸಹಿ ಹಾಕು.

ಸುಮಾ ಅತ್ತೆ: ಅಣ್ಣ, ಒಂದೇ ವಿಷಯ, 150 ಪದದೊಳಗೆ ಇರಬೇಕು. ಅದು ನಿಯಮ.

ದೊಡ್ಡಪ್ಪ: 150ಕ್ಕೆ ನನ್ನ ಪೀಠಿಕೆನೂ ಮುಗಿಯಲ್ಲ. ಪಲ್ಲವಿ, ನೀನೇ ಬರಿಯಮ್ಮ