ಆ್ಯಪ್ ಕಟ್ಟುವ ಮುಂಚೆ ಸಮಸ್ಯೆಯನ್ನು ಹೇಗೆ ಖಚಿತ ಮಾಡಿಕೊಂಡಿರಿ? ಅನುಭವ ಹೇಳಿ

ಪ್ರಶ್ನೆ: ಗೆಳೆಯರು ಸೇರಿ ಹಳ್ಳಿಯ ಹಾಲಿನ ಡೇರಿಗಳಿಗಾಗಿ ಆ್ಯಪ್ ಮಾಡಲು ಹೊರಟಿದ್ದೇವೆ. ‘ರೈತರಿಗೆ ಸರಿಯಾದ ಮಾಹಿತಿ ಸಿಗುತ್ತಿಲ್ಲ’ ಎಂಬುದು ನಾವು ಗುರುತಿಸಿದ ಸಮಸ್ಯೆ. ಬಂಡವಾಳ ಹಾಕುವವರೊಬ್ಬರು ಇದು ತೀರಾ ಅಸ್ಪಷ್ಟ, ಖಚಿತ ಮಾಡಿಕೊಂಡು ಬನ್ನಿ ಎಂದರು. ಬಲ್ಲವರು ದಾರಿ ತೋರಿಸಿ.

ಉತ್ತರ 1: ಅವರು ಹೇಳಿದ್ದು ಸರಿ. ಯಾವ ಮಾಹಿತಿ, ಯಾರಿಗೆ, ಯಾವ ಹೊತ್ತಿನಲ್ಲಿ ಬೇಕಿತ್ತು, ಸಿಗದೆ ಏನು ನಷ್ಟವಾಯಿತು, ಇದಾವುದೂ ನಿಮ್ಮ ವಾಕ್ಯದಲ್ಲಿಲ್ಲ. ನಾನು ಡೇರಿಗಳ ಲೆಕ್ಕದ ತಂತ್ರಾಂಶದಲ್ಲಿ ಕೆಲಸ ಮಾಡಿದವನು. ‘ಹಾಲಿನಲ್ಲಿ ಫ್ಯಾಟ್ (ಕೊಬ್ಬು) ಎಷ್ಟು ಬಂತೆಂದು ಮೊಬೈಲಿಗೆ ಸಂದೇಶ ಹೋಗಲಿ’ ಎಂಬ ಬೇಡಿಕೆಯೇ ನಮಗೂ ಬಂದಿತ್ತು. ಬೆಳಗಿನ ಹೊತ್ತು ಡೇರಿಯ ಮುಂದೆ ನಿಂತು ನೋಡಿದೆವು. ಹಾಲು ತರುವವರಲ್ಲಿ ಹೆಚ್ಚಿನವರು ಹೆಂಗಸರು; ಪುಸ್ತಕದಲ್ಲಿರುವ ಮೊಬೈಲ್ ನಂಬರು ಗಂಡನದೋ ಮಗನದೋ. ದರ ನಿರ್ಧಾರವಾಗುವುದು ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಮೇಲೆ, ಆದರೆ ಆ ಅಂಕಿ ತೋರಿಸುವ ಯಂತ್ರ ಕಾರ್ಯದರ್ಶಿಯ ಕಡೆಗೆ ಮುಖ ಮಾಡಿತ್ತು. ಹಾಲು ಹಾಕಿದವಳು ಚೀಟಿ ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಡುತ್ತಿದ್ದಳು. ಜಗಳ ಏಳುತ್ತಿದ್ದುದು ಬಟವಾಡೆಯ ದಿನ. ಅಷ್ಟು ಹೊತ್ತಿಗೆ ಮತ್ತೆ ಪರೀಕ್ಷಿಸಲು ಹಾಲೆಲ್ಲಿ? ಆಗ ಸಮಸ್ಯೆಯನ್ನು ಹೀಗೆ ಬರೆದೆವು: ‘ಪರೀಕ್ಷೆಗೆ ತೆಗೆದ ಹಾಲು ಇನ್ನೂ ಮೇಜಿನ ಮೇಲಿರುವಾಗಲೇ ಅಳತೆಯನ್ನು ಪ್ರಶ್ನಿಸಲು ಹಾಲು ಹಾಕುವವಳಿಗೆ ಆಗುತ್ತಿಲ್ಲ.’ ಇದಕ್ಕೆ ಬೇಕಾದದ್ದು ಕಿಟಕಿಯಿಂದಾಚೆ ತಿರುಗಿಸಿಟ್ಟ, ದೊಡ್ಡ ಅಂಕಿಗಳ ಒಂದು ಪರದೆ. ಆ್ಯಪ್ ಬೇಕಾಗಲೇ ಇಲ್ಲ.

ಉತ್ತರ 2: ನಮ್ಮಲ್ಲೇ ಬಡವರ ಮನೆಗೆ ಸೌರದೀಪ ಮುಟ್ಟಿಸುವ ಸೆಲ್ಕೋ ಕಂಪನಿ ಇದೆಯಲ್ಲ. ಹರೀಶ್ ಹಂದೆಯವರು 1995ರಲ್ಲಿ ಆ ಕೆಲಸಕ್ಕೆ ಕೈಹಾಕಿದಾಗ ಸೌರದೀಪ ಬಡವರಿಗೆ ಎಟುಕದು ಎಂಬ ಮಾತೇ ಎಲ್ಲೆಡೆ. ಸಂಜೆ ಗಾಡಿಯಲ್ಲಿ ವ್ಯಾಪಾರ ಮಾಡುವವರು ಸೀಮೆಎಣ್ಣೆಗೆ ದಿನವೂ ದುಡ್ಡು ಸುರಿಯುತ್ತಿದ್ದರು. ತಿಂಗಳಿಗೊಮ್ಮೆ ದೊಡ್ಡ ಕಂತು ಕಟ್ಟುವುದು ಮಾತ್ರ ಅವರ ಕೈಲಾಗುತ್ತಿರಲಿಲ್ಲ. ಅಂದರೆ ತೊಡಕು ಬೆಲೆಗಿಂತ ಹೆಚ್ಚಾಗಿ ಹಣ ಕೈಗೆ ಬರುವ ರೀತಿಯಲ್ಲಿತ್ತು. ಬ್ಯಾಂಕುಗಳನ್ನು ಒಪ್ಪಿಸಿ, ಗಳಿಕೆಗೆ ಹೊಂದುವಂತೆ ಕಂತು ಕಟ್ಟಿಸಿದರು. ‘ದುಬಾರಿ’ ಎಂದು ಬರೆದುಕೊಂಡು ಕೂತಿದ್ದರೆ ಕಳಪೆ ದೀಪ ಹುಟ್ಟುತ್ತಿತ್ತು, ಅಷ್ಟೆ.

ಉತ್ತರ 3: ಎಂಬ್ರೇಸ್ ಎಂಬ ತಂಡದ ಕಥೆ ನೆನಪಾಯಿತು. 2007ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಈ ವಿದ್ಯಾರ್ಥಿಗಳ ಮುಂದಿದ್ದ ಕೆಲಸ ಅಗ್ಗದ ಇನ್‌ಕ್ಯುಬೇಟರ್, ಅಂದರೆ ದಿನ ತುಂಬದೆ ಹುಟ್ಟಿದ ಕೂಸನ್ನು ಬೆಚ್ಚಗಿಡುವ ಯಂತ್ರ, ಮಾಡುವುದು. ನೇಪಾಳಕ್ಕೆ ಹೋಗಿ ನೋಡಿದರೆ ನಗರದ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್‌ಗಳು ಖಾಲಿ. ಹಳ್ಳಿಯ ಕೂಸುಗಳು ಅಲ್ಲಿಗೆ ಮುಟ್ಟುತ್ತಲೇ ಇರಲಿಲ್ಲ. ವಿದ್ಯುತ್ತಿಲ್ಲದ ಕಡೆ ಕೂಸನ್ನು ಬೆಚ್ಚಗಿಡುವುದು ಹೇಗೆಂದು ಕೇಳಿಕೊಂಡ ಮೇಲೆ, ಮೇಣದಂಥ ವಸ್ತುವಿನಿಂದ ಗಂಟೆಗಟ್ಟಲೆ ಬಿಸಿ ಹಿಡಿಯುವ ಪುಟ್ಟ ಚೀಲ ಬಂತು. ಆ ತಂಡ ಮುಂದೆ ಬೆಂಗಳೂರಿಗೆ ಬಂದು ಕೆಲಸ ಮಾಡಿತು.

ಉತ್ತರ 4: ಮೇಲಿನವರು ಹೇಳದ ಒಂದು ಮಾತು. ತೊಂದರೆ ಹಾಲು ಹಾಕುವವಳದು, ದುಡ್ಡು ಬಿಚ್ಚಬೇಕಾದದ್ದು ಡೇರಿ ನಡೆಸುವ ಸಂಘದ ಆಡಳಿತ ಮಂಡಳಿ. ಅವರಿಬ್ಬರ ನೋವು ಒಂದೇ ಅಲ್ಲ. ಹಾಗಾಗಿ ಕಾರ್ಯದರ್ಶಿಯನ್ನು ಬೇರೆಯಾಗಿಯೇ ಮಾತನಾಡಿಸಿ. ಬಟವಾಡೆಯ ಹಿಂದಿನ ರಾತ್ರಿ ಲೆಕ್ಕ ತಾಳೆಯಾಗದೆ ಆತ ಏನು ಪಾಡು ಪಡುತ್ತಾನೆ ಎಂಬುದರಲ್ಲೇ ನಿಮ್ಮ ವ್ಯಾಪಾರ ಇರಬಹುದು. ‘ಇಂಥ ಆ್ಯಪ್ ಬಂದರೆ ಬಳಸುತ್ತೀರಾ’ ಎಂದು ಯಾರನ್ನೂ ಕೇಳಬೇಡಿ. ಬಾಗಿಲಿಗೆ ಬಂದವರಿಗೆ ಇಲ್ಲ ಎನ್ನಲು ನಮ್ಮ ಜನಕ್ಕೆ ಬಾಯಿ ಬರುವುದಿಲ್ಲ, ಎಲ್ಲರೂ ಹೂಂ ಎನ್ನುತ್ತಾರೆ. ಕಳೆದ ಬಾರಿ ಫ್ಯಾಟ್ ಕಡಿಮೆ ಬಂದಾಗ ಏನು ಮಾಡಿದಿರಿ, ಯಾರನ್ನು ಕೇಳಿದಿರಿ, ಎಷ್ಟು ಹಣ ಹೋಯಿತು ಎಂದು ಕೇಳಿ. ಅವಳದೊಂದು, ಆತನದೊಂದು ವಾಕ್ಯ ಬರೆದು ಇಲ್ಲಿ ಹಾಕಿ. ಎರಡರಲ್ಲೂ ಆ್ಯಪ್ ಎಂಬ ಪದ ಬರಬಾರದು.